ಸಿಪ್ಪೆ ಹೆಕ್ಕುವವರಾರು?

ಮಕ್ಕಳಿಗೆ ಸ್ವಾತಂತ್ರ್ಯವನ್ನು ಕಲಿಸುವ ಬಗೆ

ಪುಣೆಯಲ್ಲಿ ಬೆಳೆಯುವ ಮಗು ಲೋಕಮಾನ್ಯ ಟಿಳಕರ ಬಾಲ್ಯದ ಆ ಒಂದು ಕಥೆಯನ್ನು ಕೇಳದೆ ದೊಡ್ಡದಾಗುವುದು ಅಪರೂಪ. ತರಗತಿಯಲ್ಲಿ ಕೆಲವು ಹುಡುಗರು ನೆಲಗಡಲೆ ತಿಂದು ಸಿಪ್ಪೆಯನ್ನು ನೆಲದ ಮೇಲೆ ಚೆಲ್ಲಿದರಂತೆ. ಗುರುಗಳು ಬಂದು ನೋಡಿ, ತಿಂದವರು ಯಾರೆಂದು ತಿಳಿಯದೆ, ಎಲ್ಲರೂ ಸಿಪ್ಪೆ ಹೆಕ್ಕತಕ್ಕದ್ದೆಂದು ಅಪ್ಪಣೆ ಮಾಡಿದರಂತೆ. ಬಾಲಕ ಟಿಳಕರೊಬ್ಬರು ಮಾತ್ರ, ತಾನು ತಿಂದಿಲ್ಲವಾದುದರಿಂದ ತಾನು ಹೆಕ್ಕುವುದಿಲ್ಲವೆಂದು ನಿಂತುಬಿಟ್ಟರಂತೆ. ಇದು ಅಕ್ಷರಶಃ ಹೀಗೆಯೇ ನಡೆಯಿತೋ, ಜನರ ಅಭಿಮಾನವು ಇದಕ್ಕೆ ರೆಕ್ಕೆ ಕಟ್ಟಿತೋ ಎಂಬ ವಿಚಾರ ನಮಗೆ ಇಲ್ಲಿ ಬೇಡ. ತಲೆಮಾರುಗಳಿಂದ ತಂದೆತಾಯಿಗಳು ಇದನ್ನು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಕೇಳಿದ ಮಕ್ಕಳೆಲ್ಲ ಎದೆಯುಬ್ಬಿಸಿ, ತಾವೂ ಹಾಗೆಯೇ ನಿಲ್ಲುವೆವೆಂದು ಅಂದುಕೊಂಡಿದ್ದಾರೆ.

ಆದರೆ ಈ ಕಥೆಗೆ ಎರಡು ಮುಖಗಳುಂಟು. ತಾನು ಮಾಡದ ತಪ್ಪಿಗೆ ತಲೆಬಾಗದಿರುವುದು ಮೊದಲನೆಯ ಮುಖ. ತಿಂದು ಚೆಲ್ಲಿದವನು ತಾನೇ ಮುಂದೆ ಬಂದು ಹೆಕ್ಕಬೇಕಾಗಿತ್ತೆಂಬುದು ಎರಡನೆಯ ಮುಖ. ನಾವು ಮಕ್ಕಳಿಗೆ ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಬಿಟ್ಟುಬಿಡುತ್ತೇವೆ. ಪರಿಣಾಮವಾಗಿ, ತನ್ನ ಹಕ್ಕನ್ನು ಬಲ್ಲ ಮಗು ಮನೆಮನೆಯಲ್ಲಿಯೂ ಇದೆ. ಇನ್ನೊಬ್ಬರ ಹಕ್ಕನ್ನು ಬಲ್ಲ ಮಗುವನ್ನು ಹುಡುಕಬೇಕಾಗಿದೆ. ನಮ್ಮ ವಾಚಕರಲ್ಲಿ ಬಹುಮಂದಿ ಹೋಟೆಲು ಕಸುಬಿನವರು. ಒಬ್ಬರು ಚೆಲ್ಲಿದುದನ್ನು ಇನ್ನೊಬ್ಬರು ಹೆಕ್ಕುವುದೆಂದರೆ ಏನೆಂಬುದನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಉಳಿದವರಲ್ಲಿ ಅನೇಕರು ಕಚೇರಿಗಳಲ್ಲಿ ಲೆಕ್ಕ ಬರೆಯುವವರು. ಮೇಲಧಿಕಾರಿಯ ತಪ್ಪಿಗೆ ಗುಮಾಸ್ತನು ಬೈಗುಳ ತಿನ್ನುವುದೆಂದರೆ ಏನೆಂಬುದು ಅವರಿಗೂ ಗೊತ್ತು. ಸ್ವಾತಂತ್ರ್ಯದ ಪಾಠವನ್ನು ಮಕ್ಕಳಿಗೆ ಹೇಳಲು ಇವರಿಗಿಂತ ಅರ್ಹರು ಬೇರೆ ಯಾರು?

ಸ್ವೇಚ್ಛೆಯೂ ಸ್ವಾತಂತ್ರ್ಯವೂ

ನಮ್ಮ ಭಾಷೆಯಲ್ಲಿ ಸ್ವೇಚ್ಛೆಯೆಂಬುದು ಒಂದು ಮಾತು, ಸ್ವಾತಂತ್ರ್ಯವೆಂಬುದು ಇನ್ನೊಂದು. ಮನಸ್ಸು ಬಂದಂತೆ ನಡೆಯುವುದು ಸ್ವೇಚ್ಛೆ. ತಂತ್ರವೆಂದರೆ ಕಟ್ಟು, ಕ್ರಮ. ತನ್ನ ಕಟ್ಟನ್ನು ತಾನೇ ಹಾಕಿಕೊಂಡು ನಡೆಯಬಲ್ಲವನು ಸ್ವತಂತ್ರನು. ಹೀಗೆ ಕಟ್ಟುಪಾಡಿನ ಅರ್ಥವು ಸ್ವಾತಂತ್ರ್ಯವೆಂಬ ಶಬ್ದದ ಒಡಲಲ್ಲಿಯೇ ಅಡಗಿದೆ.

ಒಬ್ಬನ ಸ್ವಾತಂತ್ರ್ಯಕ್ಕೆ ಗಡಿ ಎಲ್ಲಿ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನ ತತ್ತ್ವಜ್ಞ ಜಾನ್ ಸ್ಟುವರ್ಟ್ ಮಿಲ್ಲನು 1859ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರವಾಗಿ ಚರ್ಚಿಸಿದನು. ಇತರರಿಗೆ ಹಾನಿಯಾಗುವಲ್ಲಿ ಮಾತ್ರವೇ ಸಮಾಜವು ವ್ಯಕ್ತಿಯ ಕೈಹಿಡಿದು ತಡೆಯಬಹುದೆಂಬುದು ಅವನ ವಾದದ ತಿರುಳು. ಆ ವಿಚಾರವನ್ನು ಅರಗಿಸಿಕೊಂಡು ಪುಣೆಯ ಬೀದಿಗಿಳಿಸಿದವರು ಗೋಪಾಳ ಗಣೇಶ ಆಗರಕರರು. ಅವರೂ ಟಿಳಕರೂ ಗೆಳೆಯರು, ಒಂದೇ ವರ್ಷ, 1856ರಲ್ಲಿ, ಹುಟ್ಟಿದವರು. 1881ರಲ್ಲಿ ಆರಂಭವಾದ ‘ಕೇಸರಿ’ಗೆ ಆಗರಕರರೇ ಮೊದಲ ಸಂಪಾದಕರು. ಕೊಲ್ಹಾಪುರದ ಪ್ರಕರಣದಲ್ಲಿ 1882ರಲ್ಲಿ ಇಬ್ಬರೂ ಜೊತೆಯಾಗಿ ಡೋಂಗರಿಯ ಸೆರೆಮನೆಯಲ್ಲಿ 101 ದಿನ ಕಳೆದರು. ಮುಂದೆ ಸಮಾಜಸುಧಾರಣೆಯ ವಿಷಯದಲ್ಲಿ ಇಬ್ಬರ ಅಭಿಪ್ರಾಯಗಳೂ ಒಡೆದವು. ಆಗರಕರರು ಹೊರಬಂದು 1888ರಲ್ಲಿ ‘ಸುಧಾರಕ’ವೆಂಬ ಪತ್ರಿಕೆಯನ್ನು ಹೊರಡಿಸಿದರು. ಅವರ ಮತವನ್ನು ಸಹಿಸದವರು, ಅವರು ಬದುಕಿರುವಾಗಲೇ ಅವರ ಪ್ರತಿಕೃತಿಯ ಶವಯಾತ್ರೆಯನ್ನು ಊರಲ್ಲಿ ಹೊರಡಿಸಿದರು. ಆಗರಕರರು ಬೆದರಿ ಲೇಖನಿಯನ್ನು ಕೆಳಗಿಡಲಿಲ್ಲ. 1895ರಲ್ಲಿ ಅವರು ತೀರಿಕೊಂಡಾಗ, ಅಷ್ಟೊಂದು ಕಟುವಾಗಿ ವಾದಿಸಿದ್ದ ಟಿಳಕರೇ ‘ಕೇಸರಿ’ಯಲ್ಲಿ ಶ್ರದ್ಧಾಂಜಲಿಯ ಲೇಖನವನ್ನು ಬರೆದರು.

ಮಕ್ಕಳಿಗೆ ಸಿಪ್ಪೆಯ ಕಥೆಯ ಜೊತೆಯಲ್ಲಿ ಈ ಕಥೆಯನ್ನೂ ಹೇಳಬೇಕು. ತನ್ನ ಮಾತನ್ನು ಆಡುವ ಹಕ್ಕು ನನಗಿದ್ದಂತೆ, ನನಗೆ ಹಿಡಿಸದ ಮಾತನ್ನು ಆಡುವ ಹಕ್ಕು ಎದುರಿನವನಿಗೂ ಇದೆಯೆಂಬುದು ಇದರ ಸಾರ. ಅಣ್ಣತಮ್ಮಂದಿರ ಜಗಳದಲ್ಲಿ, ಶಾಲೆಯ ಚರ್ಚೆಯಲ್ಲಿ, ಕ್ರಿಕೆಟ್ಟಿನ ಮೈದಾನದಲ್ಲಿ ದಿನವೂ ಬೇಕಾಗುವ ಪಾಠವಿದು.

ತಂದೆತಾಯಿಗಳಿಗೂ ಗಡಿಯುಂಟು

ಮಕ್ಕಳ ಹಕ್ಕಿನ ವಿಷಯದಲ್ಲಿ ಪುಣೆಯಷ್ಟು ಹಳೆಯ ಹೋರಾಟವನ್ನು ಕಂಡ ಊರುಗಳು ನಮ್ಮ ದೇಶದಲ್ಲಿ ಕಡಮೆ. ಜ್ಯೋತಿಬಾ ಫುಲೆ, ಸಾವಿತ್ರೀಬಾಯಿ ಫುಲೆ ದಂಪತಿಗಳು 1848ರಲ್ಲಿ ಬುಧವಾರ ಪೇಟೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಶಾಲೆಗೆ ನಡೆದುಹೋಗುವಾಗ ಸಾವಿತ್ರೀಬಾಯಿಯವರ ಮೇಲೆ ಕೆಸರು, ಸೆಗಣಿ ಎರಚುತ್ತಿದ್ದರೆಂದೂ, ಅವರು ಇನ್ನೊಂದು ಸೀರೆಯನ್ನು ಜೊತೆಯಲ್ಲಿಯೇ ಒಯ್ಯುತ್ತಿದ್ದರೆಂದೂ ಜನ ಇಂದಿಗೂ ಹೇಳುತ್ತಾರೆ. ಎರಚಿದವರು ತಮಗೆ ಎರಚುವ ಸ್ವಾತಂತ್ರ್ಯವಿದೆಯೆಂದೇ ತಿಳಿದಿದ್ದರು! ಕಲಿಯುವ ಸ್ವಾತಂತ್ರ್ಯ ಹೆಣ್ಣುಮಗುವಿಗೆ ಇದೆಯೆಂಬುದು ಅವರ ಬುದ್ಧಿಗೆ ಹೊಳೆದಿರಲಿಲ್ಲ. ಅದೇ ಫುಲೆ ದಂಪತಿಗಳ ಶಾಲೆಯಲ್ಲಿ ಓದಿದ ಮಾಂಗ ಜಾತಿಯ ಬಾಲಕಿ ಮುಕ್ತಾ ಸಾಳವೆಯು ತನ್ನ ಜನರ ದುಃಖವನ್ನು ಕುರಿತು ಬರೆದ ಪ್ರಬಂಧವು 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಅಕ್ಷರವು ಮಗುವಿನ ಕೈಗೆ ಬಂದರೆ ಮಗು ಮೊದಲು ಕೇಳುವುದು ನ್ಯಾಯವನ್ನು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 1868ರಲ್ಲಿ ಜ್ಯೋತಿಬಾ ಅವರು ತಮ್ಮ ಮನೆಯ ನೀರಿನ ಹೌದನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದರು. ಇನ್ನೊಬ್ಬರ ಹಕ್ಕನ್ನು ಮನ್ನಿಸುವುದೆಂದರೆ ಭಾಷಣ ಮಾಡುವುದಲ್ಲ, ತನ್ನ ಮನೆಯ ಬಾಗಿಲಿನಿಂದಲೇ ಅದನ್ನು ಆರಂಭಿಸುವುದು ಎಂದು ಅವರು ತೋರಿಸಿಕೊಟ್ಟರು.

ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದ ಗೋಪಾಲಕೃಷ್ಣ ಗೋಖಲೆಯವರು, 1911ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಮಸೂದೆಯನ್ನು ಸಾಮ್ರಾಜ್ಯದ ಶಾಸನಸಭೆಯ ಮುಂದಿಟ್ಟರು. ಅದರ ಮೇಲೆ ಅನೇಕ ಆಕ್ಷೇಪಗಳು ಬಂದವು. ಬಡವನ ಮಗನನ್ನು ಬಲವಂತದಿಂದ ಶಾಲೆಗೆ ಕಳುಹಿಸಿದರೆ ಅವನ ದುಡಿಮೆ ತಪ್ಪಿಹೋಗುವುದಲ್ಲವೇ ಎಂಬುದು ಅವುಗಳಲ್ಲಿ ಒಂದು. 1912ರಲ್ಲಿ ಮಸೂದೆ ತಿರಸ್ಕೃತವಾಯಿತು. 6ರಿಂದ 14 ವರ್ಷದ ಮಕ್ಕಳ ಶಿಕ್ಷಣವು ಸಂವಿಧಾನದಲ್ಲಿ ಮೂಲಭೂತ ಹಕ್ಕಾಗಿ ಸೇರಿದುದು 2002ರ ತಿದ್ದುಪಡಿಯಿಂದ. ಅದನ್ನು ಜಾರಿಗೊಳಿಸುವ ಕಾಯಿದೆ 2009ರಲ್ಲಿ ಆಗಿ, 2010ರ ಏಪ್ರಿಲ್ 1ರಿಂದ ಅಮಲಿಗೆ ಬಂದಿತು. ಗೋಖಲೆಯವರ ಮಸೂದೆಗೂ ಇದಕ್ಕೂ ನಡುವೆ 99 ವರ್ಷಗಳು ಕಳೆದುಹೋದವು. ಮಗನನ್ನು ಶಾಲೆಗೆ ಕಳುಹಿಸುವುದೂ ಬಿಡುವುದೂ ತಂದೆಯ ಇಚ್ಛೆ ಎಂಬ ಕಾಲ ಹಾಗೆ ಮುಗಿಯಿತು. ಮಕ್ಕಳಿಗೆ ಗಡಿಯನ್ನು ಕಲಿಸುವ ಮೊದಲು, ತಂದೆಯ ಅಧಿಕಾರಕ್ಕೂ ಗಡಿಯಿದೆಯೆಂಬುದನ್ನು ತಂದೆಯು ಒಪ್ಪಿಕೊಳ್ಳಬೇಕು.

ಹೋಟೆಲಿನ ಮಾಣಿ

ಈ ಮಾತು ನಮ್ಮ ಕಸುಬಿಗೆ ಬಲು ಹತ್ತಿರದ್ದು. ಕುಂದಾಪುರ, ಉಡುಪಿ, ಕಾರ್ಕಳಗಳ ಕಡೆಯಿಂದ ಎಳೆಯ ಹುಡುಗರು ಊರವರ ಕೈಹಿಡಿದು ಘಟ್ಟ ಹತ್ತಿ ಮುಂಬಯಿಗೂ ಪುಣೆಗೂ ಬಂದರು. ಲೋಟ ತೊಳೆದರು, ಮೇಜು ಒರಸಿದರು, ರಾತ್ರಿ ಬೆಂಚುಗಳನ್ನು ಜೋಡಿಸಿ ಮಲಗಿದರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ನಿದ್ದೆಗಣ್ಣಿನಲ್ಲಿ ಓದಿ ಮುಂದೆ ಬಂದವರೂ ಅವರಲ್ಲಿ ಇದ್ದಾರೆ. ಅವರ ಸಾಹಸಕ್ಕೆ ಕೈಮುಗಿಯೋಣ. ಆದರೆ ಆ ಸಾಹಸವನ್ನು ಇಂದಿನ ಯಾವ ಮಗುವಿನಿಂದಲೂ ಕೇಳುವ ಹಕ್ಕು ನಮಗಿಲ್ಲ. 2006ರ ಅಕ್ಟೋಬರ್ 10ರಿಂದ 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೂ, ಹೋಟೆಲು, ಚಹಾದಂಗಡಿ, ಢಾಬಾಗಳ ಕೆಲಸಕ್ಕೂ ಇಟ್ಟುಕೊಳ್ಳುವುದು ನಿಷಿದ್ಧವಾಯಿತು. 2016ರ ತಿದ್ದುಪಡಿಯು ಈ ನಿಷೇಧವನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಸ್ವಂತ ಕುಟುಂಬದ ಕಸುಬಿನಲ್ಲಿ, ಅದು ಅಪಾಯಕರವಾದುದಲ್ಲದಿದ್ದರೆ, ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಮಗು ಕೈಜೋಡಿಸುವುದಕ್ಕೆ ಎಡೆಯಿದೆ. ಗಲ್ಲೆಯಲ್ಲಿ ಕುಳಿತ ತಂದೆಗೆ ಮಗನು ಸಂಜೆ ಒಂದು ಗಳಿಗೆ ನೆರವಾಗುವುದು ಬೇರೆ. ಊರಿನಿಂದ ಇನ್ನಾರದೋ ಮಗನನ್ನು ತಂದು ಎಂಜಲುಮೇಜಿಗೆ ನಿಲ್ಲಿಸುವುದು ಬೇರೆ.

ಮೇಜಿನ ಈಚೆಯ ಬದಿಯಲ್ಲಿಯೂ ಒಂದು ಪಾಠವಿದೆ. ತಿಂಗಳ ಸಂಬಳದ ದಿನ ಗುಮಾಸ್ತನು ಹೆಂಡತಿಮಕ್ಕಳೊಡನೆ ದೋಸೆ ತಿನ್ನಲು ಬರುತ್ತಾನೆ. ಹತ್ತು ವರ್ಷದ ಮಗನು, ತನಗಿಂತ ಹದಿನೈದು ವರ್ಷ ದೊಡ್ಡವನಾದ ಮಾಣಿಯನ್ನು ‘ಏ, ನೀರು ತಾ’ ಎಂದು ಕೂಗುತ್ತಾನೆ. ತಂದೆ ನಗುತ್ತಾನೆ, ಮಗನ ಚುರುಕು ಅವನಿಗೆ ಮೆಚ್ಚಾಗಿದೆ. ಸ್ವಾತಂತ್ರ್ಯದ ಪಾಠವು ಕೆಡುವುದು ಆ ನಗೆಯಲ್ಲಿಯೇ. ಹಣ ಕೊಟ್ಟು ನಾವು ಕೊಳ್ಳುವುದು ದೋಸೆಯನ್ನು, ತಂದುಕೊಟ್ಟವನ ಮಾನವನ್ನಲ್ಲ. ‘ಅಣ್ಣಾ, ಸ್ವಲ್ಪ ನೀರು ಕೊಡಿ’ ಎನ್ನಲು ನಾಲಗೆಗೆ ಏನೂ ವೆಚ್ಚವಿಲ್ಲ. ಕೂಲಿಗಾಗಿ ಇನ್ನೊಬ್ಬರ ಎಂಜಲನ್ನು ಎತ್ತುವುದು ಹೀನವಾದ ಕೆಲಸವಲ್ಲ, ಪ್ರಾಮಾಣಿಕವಾದ ದುಡಿಮೆ. ಎತ್ತುವವನಿದ್ದಾನೆಂದು ಬೇಕೆಂದೇ ನೆಲಕ್ಕೆ ಚೆಲ್ಲುವುದು ಹೀನವಾದುದು. ಈ ಭೇದವನ್ನು ಮಗುವಿಗೆ ತಿಳಿಸಿಕೊಟ್ಟ ತಂದೆಯು ಪೌರನೀತಿಯ ಅರ್ಧ ಪುಸ್ತಕವನ್ನು ಕಲಿಸಿದಂತಾಯಿತು.

ಒಂದೇ ಕೋಣೆಯ ಸಂಸಾರ

ಪೇಟೆಯ ಹಳೆಯ ವಾಡೆಯಲ್ಲಿಯಾಗಲಿ, ಊರ ಹೊರಗಿನ ಹೊಸ ಬಡಾವಣೆಯಲ್ಲಿಯಾಗಲಿ, ನಮ್ಮಲ್ಲಿ ಅನೇಕರ ಸಂಸಾರ ಒಂದೆರಡು ಕೋಣೆಗಳಲ್ಲಿಯೇ ಸಾಗುತ್ತದೆ. ಅಷ್ಟು ಚಿಕ್ಕ ಜಾಗದಲ್ಲಿ ‘ನನ್ನದು’, ‘ನಿನ್ನದು’ ಎಂಬ ಗಡಿಗಳಿಗೆ ಎಡೆಯೆಲ್ಲಿ ಎಂದು ಕೇಳಬಹುದು. ವಾಸ್ತವವಾಗಿ ಜಾಗ ಚಿಕ್ಕದಾದಷ್ಟೂ ಗಡಿಯ ಅರಿವು ಹೆಚ್ಚಾಗಿ ಬೇಕು.

ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸೊರಿಯವರು 1939ರಲ್ಲಿ ಭಾರತಕ್ಕೆ ಬಂದು ಅನೇಕ ವರ್ಷ ಇಲ್ಲಿ ಶಿಕ್ಷಕರನ್ನು ತರಬೇತು ಮಾಡಿದರು. ಅವರ ಪದ್ಧತಿಯ ಶಾಲೆಯಲ್ಲಿ ಮಗು ತನಗೆ ಬೇಕಾದ ಉಪಕರಣವನ್ನು ತಾನೇ ಆರಿಸಿಕೊಳ್ಳಬಹುದು; ತನಗೆ ಸಾಕಾಗುವವರೆಗೆ ಅದರಲ್ಲಿ ಮಗ್ನವಾಗಿರಬಹುದು. ಇನ್ನೊಂದು ಮಗುವಿನ ಕೆಲಸವನ್ನು ಕೆಡಿಸಲು ಮಾತ್ರ ಅಪ್ಪಣೆಯಿಲ್ಲ. ಪ್ರತಿಯೊಂದು ಉಪಕರಣವೂ ಕೋಣೆಯಲ್ಲಿ ಒಂದೊಂದೇ ಇರುತ್ತದೆ. ಒಬ್ಬರ ಕೈಯಲ್ಲಿದ್ದರೆ ಇನ್ನೊಬ್ಬರು ಕಾಯಬೇಕು. ಮುಗಿದ ಮೇಲೆ ಎತ್ತಿದ ಜಾಗದಲ್ಲಿಯೇ ಅದನ್ನು ಇಡಬೇಕು. ಮಾಂಟೆಸೊರಿಯವರು ಯೋಜಿಸಿ ಮಾಡಿದ ಈ ಏರ್ಪಾಡನ್ನು ಬಡತನವು ನಮ್ಮ ಮನೆಗಳಲ್ಲಿ ತಾನಾಗಿಯೇ ಮಾಡಿಟ್ಟಿದೆ! ಒಂದೇ ಮೊಬೈಲು, ಒಂದೇ ಮೇಜು, ಒಂದೇ ಬಚ್ಚಲು. ಕಾಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಶಾಲೆ ಬೇಕಿಲ್ಲ. ಸರದಿಯು ದೊಡ್ಡವರಿಗೂ ಅನ್ವಯಿಸಬೇಕೆಂಬುದೊಂದೇ ನಿಬಂಧನೆ. ಮಗಳು ಪಾಠ ಓದುತ್ತಿರುವಾಗ ತಂದೆಯು ದೂರದರ್ಶನವನ್ನು ಗಟ್ಟಿಯಾಗಿ ಹಾಕಿದರೆ, ಸರದಿಯ ನೀತಿಯು ಅಲ್ಲಿಗೇ ಮುಗಿಯಿತು.

ವ್ಯಕ್ತಿಯ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಅಂತಹ ದೊಡ್ಡ ಹಕ್ಕನ್ನು ಚಿಕ್ಕ ಮನೆಯಲ್ಲಿ ಪಾಲಿಸುವ ದಾರಿಗಳು ಸರಳವಾಗಿಯೇ ಇವೆ. ಪ್ರತಿ ಮಗುವಿಗೂ ತನ್ನದೇ ಆದ ಒಂದು ಪೆಟ್ಟಿಗೆಯೋ ಗೂಡೋ ಇರಲಿ. ಕೇಳದೆ ಅದನ್ನು ಯಾರೂ ತೆರೆಯದಿರಲಿ. ಅಕ್ಕನು ಬರೆದುಕೊಂಡುದನ್ನು ತಮ್ಮನು ಗೆಳೆಯರ ಮುಂದೆ ಓದಿ ನಗದಿರಲಿ. ಬಟ್ಟೆ ಬದಲಿಸುವವರಿಗೆ ಉಳಿದವರು ಬೆನ್ನು ತಿರುಗಿಸುವುದು ರೂಢಿಯಾಗಲಿ. ಮುದ್ದಿಗೆಂದು ಕೆನ್ನೆ ಹಿಂಡುವ ನೆಂಟರಿಗೆ ಮಗು ‘ಒಲ್ಲೆ’ ಎಂದರೆ, ಅದನ್ನು ಉದ್ಧಟತನವೆಂದು ಗದರಿಸದಿರೋಣ. ತನ್ನ ಮೈ ತನ್ನದೆಂದು ಅರಿತ ಮಗು ಮಾತ್ರವೇ ಕೇಡಿಗನ ಕೈಯನ್ನು ತಳ್ಳಿ, ಓಡಿಬಂದು ತಾಯಿಗೆ ಹೇಳಬಲ್ಲುದು. ತಂದೆತಾಯಿಗಳು ದುಡಿಯಲು ಹೋಗಿ ಮಕ್ಕಳು ನೆರೆಹೊರೆಯ ಆಸರೆಯಲ್ಲಿ ಇರಬೇಕಾದ ನಮ್ಮಂಥವರ ಮನೆಗಳಲ್ಲಿ ಈ ಒಂದು ಮಾತು ಮಗುವಿನ ಪ್ರಾಣವನ್ನೂ ಮಾನವನ್ನೂ ಕಾಯಬಹುದು.

ಗೋಡೆಯಾಚೆಗಿನ ನೆರೆಯವನು

ಮನೆಯ ಗೋಡೆಯ ಆಚೆಗೆ ನೆರೆಯವನಿದ್ದಾನೆ. ಅವನು ಬೆಳಗಿನ ನಾಲ್ಕು ಗಂಟೆಗೆ ಎದ್ದು ಇಡ್ಲಿಯ ಒಲೆ ಹಚ್ಚಬೇಕಾದ ಅಡುಗೆಯವನಿರಬಹುದು, ರಾತ್ರಿಪಾಳಿ ಮುಗಿಸಿ ಹಗಲು ಮಲಗುವ ಕಾರ್ಖಾನೆಯವನಿರಬಹುದು. ಸಾರ್ವಜನಿಕ ಗಣೇಶೋತ್ಸವವು 1893ರಲ್ಲಿ ರೂಪುಗೊಂಡ ಊರು ಇದು. ಉತ್ಸವವೆಂದರೆ ಮಕ್ಕಳಿಗೂ ಹಬ್ಬ. ಆದರೆ ಹಬ್ಬದ ಆನಂದಕ್ಕೂ ಗಡಿಯುಂಟು. ಶಬ್ದಮಾಲಿನ್ಯದ 2000ನೆಯ ಇಸವಿಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಉತ್ಸವಗಳ ಸಲುವಾಗಿ ವರ್ಷಕ್ಕೆ 15 ದಿನ ಮೀರದಂತೆ, ರಾತ್ರಿ 12ರವರೆಗೆ ಸರಕಾರವು ವಿನಾಯಿತಿ ಕೊಡಬಹುದು. ವಸತಿಯ ಬೀದಿಗಳಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಕಿವಿಯನ್ನು ಮುಚ್ಚಿಕೊಳ್ಳಲು ಕಣ್ಣಿಗಿರುವಂತೆ ರೆಪ್ಪೆಯಿಲ್ಲ. ಬೇಡದ ಶಬ್ದವನ್ನು ಕೇಳದಿರುವುದೂ ಮನುಷ್ಯನ ಹಕ್ಕು ಎಂಬುದು ಈ ನಿಯಮದ ಹಿಂದಿರುವ ತತ್ತ್ವ. ಕೆಳಮನೆಯ ಅಜ್ಜನಿಗೆ ಜ್ವರ ಬಂದಿದೆಯೆಂದು ತಾನಾಗಿ ಹಾಡಿನ ಸದ್ದನ್ನು ತಗ್ಗಿಸಿದ ಹುಡುಗನು ಈ ನಿಯಮವನ್ನು ಓದದೆಯೇ ಪಾಲಿಸಿದಂತೆ.

ನೆರೆಯವನ ಹಕ್ಕಿನಲ್ಲಿ ಭಾಷೆಯೂ ಸೇರಿದೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಲು ಯತ್ನಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿಸಿದ 350-ಎ ವಿಧಿಯು ಹೇಳುತ್ತದೆ. ಇದು ನಮ್ಮ ಹಕ್ಕು; ಕನ್ನಡವನ್ನು ಮನೆಯಲ್ಲಿ ಸಂಕೋಚವಿಲ್ಲದೆ ಆಡೋಣ, ಓದಿಸೋಣ. 1989ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿ 1992ರಲ್ಲಿ ಭಾರತವೂ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಗುವಿಗೆ ತನ್ನ ಭಾಷೆ ಸಂಸ್ಕೃತಿಗಳ ಮೇಲಿನ ಗೌರವವನ್ನೂ, ತಾನು ವಾಸಿಸುವ ನಾಡಿನ ಮೌಲ್ಯಗಳ ಮೇಲಿನ ಗೌರವವನ್ನೂ ಒಟ್ಟಿಗೇ ಕಲಿಸಬೇಕೆನ್ನುತ್ತದೆ. ಕನ್ನಡವನ್ನು ಪ್ರೀತಿಸುವ ಮಗು ಮರಾಠಿಯನ್ನು ಹಳಿಯಬೇಕಾಗಿಲ್ಲ. ಅನ್ನವಿತ್ತ ಊರಿನ ನುಡಿಯನ್ನು ಶುದ್ಧವಾಗಿ ಆಡಬಲ್ಲ ಮಗುವಿಗೆ ತನ್ನ ನುಡಿಗೂ ಮರ್ಯಾದೆಯನ್ನು ಕೇಳುವ ಧೈರ್ಯ ಬರುತ್ತದೆ.

ಆಜ್ಞೆಗೆ ಕಾರಣ ಬೇಕು

ಕೊನೆಯದಾಗಿ, ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತೊಂದಿದೆ. ಹಗಲೆಲ್ಲ ಧಣಿಯ, ಗಿರಾಕಿಯ, ಮೇಲಧಿಕಾರಿಯ ಆಜ್ಞೆಯನ್ನು ಕೇಳಿ ಬಳಲಿದವನು ರಾತ್ರಿ ಮನೆಗೆ ಬಂದೊಡನೆ ತಾನೇ ಧಣಿಯಾಗುತ್ತಾನೆ. ಅಲ್ಲಿ ನುಂಗಿದ ಮಾತುಗಳೆಲ್ಲ ಇಲ್ಲಿ ಮಗನ ಬೆನ್ನಿನ ಮೇಲೆ ಏಟಾಗಿ ಬೀಳುತ್ತವೆ. ತನಗಾದ ಅನ್ಯಾಯವನ್ನು ತನಗಿಂತ ದುರ್ಬಲನಿಗೆ ದಾಟಿಸುವ ಈ ಕ್ರಮವನ್ನು ಮಗು ಬಲುಬೇಗ ಕಲಿಯುತ್ತದೆ. ಮರುದಿನ ಅದು ತಂಗಿಯ ಜುಟ್ಟನ್ನು ಹಿಡಿಯುತ್ತದೆ. 2009ರ ಶಿಕ್ಷಣದ ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಗುರುವಿಗೆ ಇಲ್ಲದ ಬೆತ್ತವು ತಂದೆಗೆ ಏಕೆ?

ಹೊಡೆಯಬಾರದೆಂದರೆ ಹದ್ದಿಲ್ಲದೆ ಬಿಡಬೇಕೆಂದಲ್ಲ. ಕೇಳಿದ್ದನ್ನೆಲ್ಲ ಕೊಡಿಸಿ, ಮಾಡಿದ್ದನ್ನೆಲ್ಲ ಮೆಚ್ಚುವವನು ಮಗುವನ್ನು ಸ್ವತಂತ್ರನನ್ನಾಗಿ ಮಾಡುವುದಿಲ್ಲ, ತನ್ನ ಆಸೆಗಳ ಆಳನ್ನಾಗಿ ಮಾಡುತ್ತಾನೆ. ನಿಯಮಗಳು ಕೆಲವೇ ಇರಲಿ. ಇರುವ ನಿಯಮ ಇಂದೂ ನಾಳೆಯೂ ಒಂದೇ ಆಗಿರಲಿ. ಪ್ರತಿಯೊಂದಕ್ಕೂ ಕಾರಣವನ್ನು ಹೇಳೋಣ. ‘ನಾನು ಹೇಳಿದೆ, ಅದಕ್ಕೆ’ ಎಂಬುದು ಕಾರಣವಲ್ಲ. ಮುರಿದರೆ ಆಗುವ ನಷ್ಟವನ್ನು ಮುರಿದವನೇ ತುಂಬಿಕೊಡಲಿ: ನೀರು ಚೆಲ್ಲಿದವನು ಒರಸಲಿ, ತಂಗಿಯ ಚಿತ್ರವನ್ನು ಹರಿದವನು ಅಂಟಿಸಿಕೊಡಲಿ, ನೆರೆಯವರ ಕಿಟಕಿಯ ಗಾಜು ಒಡೆದವನು ತಾನೇ ಬಾಗಿಲು ತಟ್ಟಿ ಹೇಳಿ ಬರಲಿ, ಜೊತೆಯಲ್ಲಿ ತಂದೆಯೂ ಹೋಗಲಿ. ಯಾರು ಮಾಡಿದರೆಂದು ತಿಳಿಯದಾಗ ಎಲ್ಲ ಮಕ್ಕಳನ್ನೂ ಶಿಕ್ಷಿಸುವ ಸುಲಭದ ದಾರಿಯನ್ನು ಹಿಡಿಯದಿರೋಣ. ನಿಜ ಹೇಳಿದವನನ್ನು ಹೊಡೆಯುವ ಮನೆಯಲ್ಲಿ ಯಾವ ಮಗುವೂ ಮುಂದೆ ಬಂದು ಸಿಪ್ಪೆ ತನ್ನದೆಂದು ಒಪ್ಪಿಕೊಳ್ಳದು.

ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ, ಮಕ್ಕಳಿಗೆಂದು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ರಚಿಸಿದ ಶಿವರಾಮ ಕಾರಂತರು, ಆಟ, ಕುಣಿತ, ನಾಟಕಗಳನ್ನು ಕಲಿಕೆಯ ಒಳಗೇ ತಂದರು. ಪ್ರಶ್ನೆ ಕೇಳುವ ಮಗುವನ್ನು ಅವರು ಅಧಿಕಪ್ರಸಂಗಿಯೆಂದು ಎಣಿಸಿದವರಲ್ಲ. ನಮ್ಮ ಕರಾವಳಿಯಲ್ಲಿಯೇ ನಡೆದ ಆ ಕೆಲಸವನ್ನು ನೆನೆದು, ವಾರದ ರಜೆಯ ದಿನ ಒಂದು ಗಂಟೆ ಮಕ್ಕಳ ಜೊತೆ ಕುಳಿತು ಅವರ ಪ್ರಶ್ನೆಗಳಿಗೆ ಕಿವಿಗೊಟ್ಟರೆ, ಅದಕ್ಕೆ ಕಾಸಿನ ಖರ್ಚಿಲ್ಲ. ಆ ಒಂದು ಗಂಟೆಯಲ್ಲಿ ಮಗು ನಮ್ಮನ್ನೂ ಪ್ರಶ್ನಿಸಬಹುದು, ಸರಿಯಾಗಿದ್ದರೆ ಒಪ್ಪಿಕೊಳ್ಳೋಣ.

ನಾವು ಊರನ್ನು ಬಿಟ್ಟು ಇಷ್ಟು ದೂರ ಬಂದುದು ಮಕ್ಕಳು ನಮ್ಮ ಹಾಗೆ ತಲೆತಗ್ಗಿಸಿ ಬಾಳಬಾರದೆಂದು. ಅವರು ತಲೆಯೆತ್ತಿ ನಡೆಯಲಿ. ಅದರೊಡನೆ, ತಾವು ಉಂಡ ತಟ್ಟೆಯನ್ನು ತಾವೇ ಎತ್ತಿಡಲಿ.